ವಾಹನಗಳು ಅಷ್ಟೇ ಇದ್ದರೂ ಚಳಿಗಾಲದಲ್ಲಿ ಹೊಗೆ ಹೆಚ್ಚೇಕೆ?

ಪ್ರಶ್ನೆ: ದಾವಣಗೆರೆಯ ಹಳೇ ಪಿ.ಬಿ. ರಸ್ತೆಯಲ್ಲಿ ಬಸ್ಸು, ಆಟೊ, ಲಾರಿಗಳು ವರ್ಷವಿಡೀ ಹೆಚ್ಚುಕಡಿಮೆ ಅಷ್ಟೇ ಓಡಾಡುತ್ತವೆ. ಹಾಗಿದ್ದೂ ಡಿಸೆಂಬರ್, ಜನವರಿಯ ಬೆಳಗಿನಲ್ಲಿ ಮಾತ್ರ ಹೊಗೆ ಮೂಗಿಗೆ ಅಡರುವುದೇಕೆ?

ಉತ್ತರ: ವಾಹನಗಳು ಉಗುಳುವ ಹೊಗೆ ಋತುವಿನೊಂದಿಗೆ ಹೆಚ್ಚೇನೂ ಬದಲಾಗುವುದಿಲ್ಲ, ಬದಲಾಗುವುದು ಆ ಹೊಗೆ ಬೆರೆತು ತೆಳುವಾಗಲು ಸಿಗುವ ಗಾಳಿಯ ಎತ್ತರ. ಬೇಸಿಗೆಯ ಮಧ್ಯಾಹ್ನ ಕಾದ ನೆಲದಿಂದ ಏಳುವ ಬಿಸಿಗಾಳಿ ಹೊಗೆಯನ್ನು ಒಂದೆರಡು ಕಿಲೋಮೀಟರ್ ಎತ್ತರದವರೆಗೂ ಹರಡುತ್ತದೆ. ಚಳಿಗಾಲದ ಮೋಡವಿಲ್ಲದ ರಾತ್ರಿಯಲ್ಲಾದರೋ ನೆಲ ಬೇಗ ತಣ್ಣಗಾಗಿ, ಅದಕ್ಕೆ ತಾಗಿದ ಗಾಳಿಯೂ ಮೇಲಿನ ಗಾಳಿಗಿಂತ ತಂಪಾಗಿ, ಭಾರವಾಗಿ ಕೆಳಗೇ ಕುಳಿತುಬಿಡುವುದರಿಂದ, ರಾತ್ರಿ ಹಾದುಹೋದ ಲಾರಿಗಳ ಹೊಗೆಯೂ ಬೆಳಗಿನ ಶಾಲೆ, ಕಚೇರಿ ಹೊತ್ತಿನ ಹೊಗೆಯೂ ಕೆಲವು ನೂರು ಮೀಟರಿನೊಳಗಿನ ಪದರದಲ್ಲೇ ಸಿಕ್ಕಿಕೊಳ್ಳುತ್ತವೆ. ಮಂಡಕ್ಕಿ ಭಟ್ಟಿಗಳ ಹೊಗೆಯೂ ಅಲ್ಲಿಗೇ ಸೇರುವುದರಿಂದ ದೂರನ್ನೆಲ್ಲ ವಾಹನಗಳ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಬಿಸಿಲೇರಿ ನೆಲ ಕಾದ ಮೇಲಷ್ಟೇ ಈ ಪದರ ಒಡೆಯುತ್ತದೆ. ಆದ್ದರಿಂದ ವಾಕಿಂಗಿಗೆ ನಸುಕೇ ಶ್ರೇಷ್ಠವೆಂಬ ನಂಬಿಕೆ ಚಳಿಗಾಲದಲ್ಲಿ ಮುಖ್ಯರಸ್ತೆಯ ಬದಿಯಲ್ಲಿ ನಡೆಯುವವರಿಗೆ ಹೊಂದುವುದಿಲ್ಲ.

ಮಳೆ ಗಾಳಿಯನ್ನು ತೊಳೆಯುತ್ತದೆ ಎನ್ನುವುದು ಅರ್ಧ ನಿಜ. ಹನಿಗಳು ದಪ್ಪ ಧೂಳನ್ನು ಚೆನ್ನಾಗಿ ಇಳಿಸುತ್ತವೆ. ಆದರೆ ಡೀಸೆಲ್ ಹೊಗೆಯ ಸೂಕ್ಷ್ಮ ಕಣಗಳಲ್ಲಿ ಬಹುಪಾಲು ಹನಿಯ ಪಕ್ಕಕ್ಕೆ ಸರಿದು ಉಳಿಯುತ್ತವೆ, ಕಾರ್ಬನ್ ಮೊನಾಕ್ಸೈಡಂತೂ ನೀರಿನಲ್ಲಿ ಕರಗುವುದೇ ಅತ್ಯಲ್ಪ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಊರಿಗಾಗುವ ದೊಡ್ಡ ಉಪಕಾರವೆಂದರೆ ಮುಂಗಾರಿನ ಜೋರು ಗಾಳಿ ಮತ್ತು ಧೂಳೇಳದ ಒದ್ದೆ ರಸ್ತೆ. ಬೇಸಿಗೆಯಲ್ಲಿ ಹೊಗೆ ಚದುರಿದರೂ, ಅದರಲ್ಲಿನ ನೈಟ್ರೋಜನ್ ಆಕ್ಸೈಡುಗಳು ಮತ್ತು ಪೆಟ್ರೋಲಿನ ಆವಿ ಬಿಸಿಲಿಗೆ ಸಿಕ್ಕಿ ಕಣ್ಣಿಗೆ ಕಾಣದ, ಉಸಿರಿಗೆ ಕೆಡುಕಾದ ಓಝೋನ್ ಅನಿಲ ಹುಟ್ಟುತ್ತದೆ.

ನಮ್ಮಲ್ಲಿ ಹೊಗೆಗಿಂತ ಧೂಳಿನ ಮಾತೇ ಹೆಚ್ಚು ಆಗಬೇಕು. ಗಾಳಿಯಲ್ಲಿನ ಕಣಗಳ ಮಿತಿ ಮೀರಿದ ನಗರಗಳಿಗಾಗಿ 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಡಿ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿಗಳ ಜೊತೆ ದಾವಣಗೆರೆಯೂ ಸೇರಿದೆ. 10 ಮೈಕ್ರೋಮೀಟರಿನೊಳಗಿನ ಕಣಗಳಿಗೆ ದೇಶದಲ್ಲಿರುವ ಮಿತಿ ವಾರ್ಷಿಕ ಸರಾಸರಿಯಲ್ಲಿ ಘನ ಮೀಟರಿಗೆ 60 ಮೈಕ್ರೋಗ್ರಾಂ. ಮಳೆಗಾಲದಲ್ಲಿ ಹರಿದುಬಂದು ಡಾಂಬರಿನ ಅಂಚಿನಲ್ಲಿ ನಿಂತ ಕೆಸರು ನವೆಂಬರಿನ ಹೊತ್ತಿಗೆ ಒಣಗಿರುತ್ತದೆ; ಮೆಕ್ಕೆಜೋಳ ಹೇರಿಕೊಂಡು ಬರುವ ಟ್ರ್ಯಾಕ್ಟರುಗಳ ಚಕ್ರದಡಿ ಅದು ಹಿಟ್ಟಾಗಿ, ಒಂದೊಂದು ಗಾಡಿ ಹೋದಾಗಲೂ ಮತ್ತೆ ಮೇಲೇಳುತ್ತದೆ. 2020ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಬಿಎಸ್-6 ನಿಯಮ ಹೊಸ ವಾಹನಗಳ ಹೊಗೆಯನ್ನು ಇಳಿಸಬಲ್ಲದೇ ಹೊರತು ಈ ಮಣ್ಣನ್ನಲ್ಲ. ಅದನ್ನು ಮಳೆ ನಿಂತ ಕೂಡಲೇ, ಒಣಗಿ ಪುಡಿಯಾಗುವ ಮೊದಲೇ, ಕೆರೆದು ಸಾಗಿಸಬೇಕು. ಜನವರಿಯಲ್ಲಿ ಒಣ ಪೊರಕೆಯಿಂದ ಗುಡಿಸಿದರೆ ಧೂಳನ್ನು ರಸ್ತೆಯಿಂದ ಗಾಳಿಗೆ ಎತ್ತಿಕೊಟ್ಟಂತಾಗುತ್ತದೆ.