ಎರಡು ಕಂಟೇನರ್ ನಡುವೆ ಪತ್ರಾಸಿನ ಮಾಡು: ಮೊದಲು ಗಾಳಿಯ ಲೆಕ್ಕ

ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ತೋಟದಲ್ಲಿ ಹಳೆಯ 20 ಅಡಿ ಕಂಟೇನರ್ ಎರಡು ಇಟ್ಟು, ನಡುವಿನ 6 ಮೀಟರ್ ಜಾಗಕ್ಕೆ ಪತ್ರಾಸ (ತಗಡಿನ ಹಾಳೆ) ಹೊದಿಸಿದರೆ ಟ್ರ್ಯಾಕ್ಟರ್, ಬ್ಲೋವರ್, ಕ್ರೇಟುಗಳಿಗೆಲ್ಲ ನೆರಳಾಗುತ್ತದೆ. ಗೋಡೆ, ಕಂಬಗಳ ಖರ್ಚು ಉಳಿಯುತ್ತದೆ. ಆದರೆ ಕಂಟೇನರ್ ಭಾರವಾಗಿದೆ, ಎಲ್ಲಿ ಅಲುಗೀತು ಎಂದು ಬುನಾದಿಗೆ ಬಿಗಿಯದೆ ಬಿಡಬೇಡಿ.

ಲೆಕ್ಕ ನೋಡಿ. ಗಾಳಿ ಸೆಕೆಂಡಿಗೆ 39 ಮೀಟರ್ ಬೀಸಿದರೆ ಚದರ ಮೀಟರಿಗೆ ಸುಮಾರು 93 ಕೆಜಿ ಒತ್ತಡ. ಅಷ್ಟೇ ಸೆಳೆತ 36 ಚದರ ಮೀಟರ್ ಮಾಡನ್ನು ಮೇಲಕ್ಕೆತ್ತಿದರೆ 3.3 ಟನ್. ಮಾಡಿನ ತೂಕ ಅರ್ಧ ಟನ್ ಕಳೆದರೂ ಒಂದೊಂದು ಬದಿಗೆ 1.4 ಟನ್. ಖಾಲಿ ಕಂಟೇನರ್ 2.2 ಟನ್ ತೂಗಿದರೂ ಸೆಳೆತ ಬೀಳುವುದು ಒಳ ಅಂಚಿಗೆ. ಅಲ್ಲಿ ತಡೆಯುವುದು ಅರ್ಧ ತೂಕ, 1.1 ಟನ್ ಮಾತ್ರ. ಒಳ ಅಂಚು ಏಳುತ್ತದೆ. ಒಂದು ತುದಿಗೆ ಪತ್ರಾಸ ಹೊಡೆದು ಮುಚ್ಚಿದರೆ ಒಳನುಗ್ಗಿದ ಗಾಳಿಗೆ ದಾರಿಯಿಲ್ಲದೆ ಎತ್ತುವ ಬಲ ಇನ್ನೂ ಹೆಚ್ಚುತ್ತದೆ. ಎರಡೂ ತುದಿ ತೆರೆದೇ ಇರಲಿ.

ಆದ್ದರಿಂದ ಒಳಬದಿಯ ಪ್ರತಿ ಮೂಲೆಗೆ 60×60 ಸೆಂ.ಮೀ., 1.2 ಮೀಟರ್ ಆಳದ ಕಾಂಕ್ರೀಟ್ ದಿಮ್ಮಿ ಹಾಕಿ. ಒಂದೊಂದೂ ಸುಮಾರು 1 ಟನ್ ತೂಗುತ್ತದೆ. ಅದರಲ್ಲಿ 16 ಮಿ.ಮೀ. ಜೆ-ಬೋಲ್ಟ್ ನಾಲ್ಕು, ಮೇಲೆ 12 ಮಿ.ಮೀ. ಪ್ಲೇಟ್, ಕಂಟೇನರಿನ ಮೂಲೆಗಟ್ಟಿಯನ್ನು (ಮೂಲೆಯ ದಪ್ಪ ಉಕ್ಕಿನ ತುಂಡು) ಆ ಪ್ಲೇಟಿಗೆ ವೆಲ್ಡ್ ಮಾಡಿ. ನಮ್ಮದು ಎರೆಭೂಮಿ. ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿಯುತ್ತದೆ. ಗಟ್ಟಿ ಗರಸು ಸಿಗುವ ತನಕ ಅಗೆಯಿರಿ. ಒಂದು ಮೂಲೆ ಎದ್ದರೂ ಚೌಕಟ್ಟು ತಿರುಚಿ ಬಾಗಿಲು ಹಾಕಲು ಬಾರದು. ನೀರಿನ ಪೈಪು ಹಿಡಿದು ನಾಲ್ಕೂ ಮೂಲೆ ಮಟ್ಟ ನೋಡಿ.

ಟ್ರಸ್ (ಮಾಡು ಹೊರುವ ಪೈಪಿನ ಚೌಕಟ್ಟು) ನಾಲ್ಕು ಸಾಕು, 2 ಮೀಟರಿಗೊಂದು, 45 ಸೆಂ.ಮೀ. ಎತ್ತರದವು. ಅವನ್ನು ಕಂಟೇನರಿನ ಚಾವಣಿ ತಗಡಿನ ಮೇಲೆ ಕೂರಿಸಬೇಡಿ, ಅದರ ದಪ್ಪ 2 ಮಿ.ಮೀ. ಅಷ್ಟೇ. ಮೇಲಂಚಿನ ಉದ್ದಕ್ಕೂ 100 ಮಿ.ಮೀ. ಚಾನೆಲ್ ವೆಲ್ಡ್ ಮಾಡಿ, ಅದಕ್ಕೆ ಬೋಲ್ಟ್ ಹಾಕಿ. ಒಂದು ಬದಿಯ ತೂತು ಉದ್ದನೆಯದಿರಲಿ, ಕಂಟೇನರ್ ಕೊಂಚ ಸರಿದರೂ ಟ್ರಸ್ ಸೊಟ್ಟಾಗದು. ಭಾರವನ್ನು ಮೂಲೆಗೆ ಒಯ್ಯುವುದು ಸುಕ್ಕುಗೋಡೆ. ಒಳಗೋಡೆಯಲ್ಲಿ ಬಾಗಿಲು ಕತ್ತರಿಸುವುದಾದರೆ ಮೊದಲು ಸುತ್ತ ಚೌಕಟ್ಟು ಬೆಸೆಯಿರಿ.

ಫ್ಯಾಬ್ರಿಕೇಟರ್ ಹೆಚ್ಚಾಗಿ ಮರೆಯುವುದು ಟ್ರಸ್ಸಿನ ಕೆಳಪೈಪು. ಗಾಳಿ ಮಾಡನ್ನು ಎತ್ತಿದಾಗ, ಜಗ್ಗಿಕೊಂಡಿರಬೇಕಾದ ಈ ಪೈಪು ಒತ್ತಡಕ್ಕೆ ಸಿಕ್ಕಿ ಪಕ್ಕಕ್ಕೆ ಬಾಗುತ್ತದೆ. 2 ಮೀಟರಿಗೊಂದು ಅಡ್ಡಪೈಪು ಹಾಕಿ ನಾಲ್ಕೂ ಟ್ರಸ್ ಜೋಡಿಸಿ, ಒಂದು ಅಂಕಣಕ್ಕೆ (ಎರಡು ಟ್ರಸ್ ನಡುವಿನ ಜಾಗಕ್ಕೆ) ಕತ್ತರಿಯಾಕಾರದ ಅಡ್ಡಕಟ್ಟು ಕೊಡಿ. ಹಳೆ ಪತ್ರಾಸ ತಂದು ಹಣ ಉಳಿಸಬಹುದು, ಇಲ್ಲಿ ಉಳಿಸಬಾರದು.

ಇಳಿಜಾರು 6 ಮೀಟರಿಗೆ 60 ಸೆಂ.ಮೀ., ಒಂದೇ ಕಡೆಗೆ. 10 ಮಿ.ಮೀ. ಮಳೆಗೆ 360 ಲೀಟರ್ ನೀರು ಇಳಿಯುತ್ತದೆ; ಮಾಡಿನ ಅಂಚಿನ ದೋಣಿಯಿಂದ ಪೈಪಿನಲ್ಲಿ ಕೃಷಿ ಹೊಂಡಕ್ಕೆ ಬಿಡಿ. ದಿಮ್ಮಿಯ ಬುಡಕ್ಕೆ ಸುರಿದರೆ ಎರೆಮಣ್ಣು ಅಲ್ಲೇ ಉಬ್ಬುತ್ತದೆ.

ಕಂಟೇನರಿನ ನೆಲದ ಪ್ಲೈವುಡ್‌ಗೆ ಕೀಟನಾಶಕ ಲೇಪಿಸಿರುವುದುಂಟು. ಬಾಗಿಲ ಮೇಲಿನ ಲೋಹದ ಫಲಕದಲ್ಲಿ ಅದರ ಹೆಸರು ನಮೂದಾಗಿದ್ದರೆ, ಒಣದ್ರಾಕ್ಷಿಯನ್ನು ಆ ನೆಲಕ್ಕೆ ತಾಗಿಸಬೇಡಿ.