ಕೆಟ್ಟ ರಸ್ತೆಯಲ್ಲಿ ಟಕ್ ಟಕ್: ಸ್ಟೀರಿಂಗ್ ರ‍್ಯಾಕ್ ಹಾಕಿಸಬೇಕಾ?

ಪ್ರಶ್ನೆ: ನಾನು ಜಮಖಂಡಿಯವನು. ಹೋದ ತಿಂಗಳು 2015ರ ಸಣ್ಣ ಕಾರೊಂದನ್ನು ಕೊಂಡೆ. ಗುಂಡಿ ಬಿದ್ದ ರಸ್ತೆಯಲ್ಲಿ ಮುಂದಿನಿಂದ ಟಕ್ ಟಕ್ ಅನ್ನುತ್ತದೆ. ಗ್ಯಾರೇಜಿನವರು ಸ್ಟೀರಿಂಗ್ ರ‍್ಯಾಕ್ ಹೋಗಿದೆ ಅಂತಾರೆ. ಹಾಕಿಸಲಾ?

ಉತ್ತರ: ಸ್ವಲ್ಪ ತಡೀರಿ. ನನ್ನ ಹಳೇ ಕಾರಿಗೂ ಒಬ್ಬ ಮೇಸ್ತ್ರಿ "ಸಾಹೇಬ್ರ, ರ‍್ಯಾಕ್ ಹೋಗೇತ್ರಿ" ಅಂದಿದ್ದ. ಕೊನೆಗೆ ಸಿಕ್ಕಿದ್ದು ಎಡಗಡೆಯ ಲಿಂಕ್ ರಾಡ್. ರ‍್ಯಾಕ್ ಅಂದರೆ ಸ್ಟೀರಿಂಗ್ ತಿರುಗಿಸಿದಂತೆ ಮುಂದಿನ ಗಾಲಿ ಹೊರಳಿಸುವ ಭಾಗ, ಅದು ಹತ್ತಾರು ಸಾವಿರದ ಮಾತು, ಲಿಂಕ್ ರಾಡ್ ಸಾವಿರದ ಆಚೀಚೆ.

ಮೊದಲು ಡಿಕ್ಕಿ ಪೂರ್ತಿ ಖಾಲಿ ಮಾಡಿ. ಜಾಕ್, ಪಾನಾ, ಸ್ಟೆಪ್ನಿ ಎಲ್ಲ ಇಳಿಸಿ ಒಂದು ಸುತ್ತು ಹೋಗಿಬನ್ನಿ. ನಗಬೇಡಿ, ತಗಡಿನ ಬಾಡಿಯಲ್ಲಿ ಹಿಂದಿನ ಸದ್ದು ಮುಂದೆ ಕೇಳಿಸುತ್ತದೆ, ಎಡಗಡೆಯದು ಬಲಕ್ಕೆ ಕೇಳಿಸುತ್ತದೆ. ಅದಕ್ಕೇ ನಾನು ಕಿವಿಯನ್ನು ಅಷ್ಟಾಗಿ ನಂಬುವುದಿಲ್ಲ. ಸದ್ದು ಯಾವಾಗ ಬರುತ್ತದೆ ಅಂತ ನೋಡುತ್ತೇನೆ.

ರಸ್ತೆಗೆ ಅಡ್ಡಲಾಗಿರುವ ಹಂಪ್ ಮೇಲೆ ನೇರವಾಗಿ, ನಿಧಾನಕ್ಕೆ ಹತ್ತಿಸಿ. ಆಮೇಲೆ ಒಂದೇ ಗಾಲಿ ಗುಂಡಿಗೆ ಇಳಿಯುವ ಹಾಗೆ ಹೋಗಿ. ಹಂಪ್ ಮೇಲೆ ಸುಮ್ಮನಿದ್ದು, ಗುಂಡಿಯಲ್ಲಿ ಮಾತ್ರ ಟಕ್ ಟಕ್ ಅಂದರೆ ನನ್ನ ಅನುಮಾನ ಲಿಂಕ್ ರಾಡ್ ಮೇಲೆ. ಎಡ ಬಲದ ಗಾಲಿಗಳನ್ನು ಜೋಡಿಸುವ ಸ್ಟೆಬಿಲೈಜರ್ ಬಾರ್‌ನ ಎರಡೂ ತುದಿಗೆ ಇರುವ ಸಣ್ಣ ಕಡ್ಡಿ ಅದು. ಎರಡೂ ಗಾಲಿ ಒಟ್ಟಿಗೆ ಎದ್ದರೆ ಬಾರ್ ಸುಮ್ನೆ ತಿರುಗುತ್ತದೆ, ಲಿಂಕ್ ಮೇಲೆ ಭಾರ ಬೀಳುವುದಿಲ್ಲ. ಒಂದೇ ಗಾಲಿ ಇಳಿದರೆ ಬಾರ್ ತಿರುಚಿಕೊಳ್ಳುತ್ತದೆ, ಸವೆದ ಲಿಂಕ್ ಬಡಿದುಕೊಳ್ಳುತ್ತದೆ. ನಮ್ಮ ಕಡೆ ಇದಕ್ಕೆ ಕೆಲಸ ಜಾಸ್ತಿ. ಕಬ್ಬಿನ ಸೀಸನ್‌ನಲ್ಲಿ ಮುಧೋಳ ರಸ್ತೆ ನೆನಪಿಸಿಕೊಳ್ಳಿ. ಎದುರಿಗೆ ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ಬಂದಾಗಲೆಲ್ಲ ಎಡಗಾಲಿ ಡಾಂಬರು ಬಿಟ್ಟು ಇಳಿಯಬೇಕು, ಮತ್ತೆ ಹತ್ತಬೇಕು.

ಖಾತ್ರಿ ಆಗಬೇಕಾ? ಎರಡೂ ಲಿಂಕ್ ಬಿಚ್ಚಿಸಿ, ಅದೇ ಗುಂಡಿಯ ಮೇಲೆ ನಿಧಾನಕ್ಕೆ ಹೋಗಿಬನ್ನಿ. ತಿರುವಿನಲ್ಲಿ ಕಾರು ಜಾಸ್ತಿ ವಾಲುತ್ತದೆ, ಹುಷಾರು. ಸದ್ದು ಹೋಯಿತಾ, ಎರಡೂ ಕಡೆ ಹೊಸದು ಹಾಕಿಸಿ.

ಹಂಪ್ ಮೇಲೂ ಧಡ್ ಅಂದರೆ ಲೋವರ್ ಆರ್ಮ್ ಬುಷ್ (ಗಾಲಿಯನ್ನು ಕೆಳಗಿನಿಂದ ಹಿಡಿದಿಡುವ ತೋಳಿನ ರಬ್ಬರ್), ಶಾಕ್ ಅಬ್ಸಾರ್ಬರ್ ನೋಡಿಸಿ. ಶಾಕ್ ಮೈಮೇಲೆ ಎಣ್ಣೆ ಜಿನುಗಿ ಧೂಳು ಹತ್ತಿದ್ದರೆ ಕೇಳುವುದೇ ಬೇಡ, ಶಾಕ್ ಹೋಗಿದೆ. ಬುಷ್ ಹಾಕಿಸುವಾಗ ಒಂದು ಮಾತು: ಗಾಲಿ ನೆಲಕ್ಕೂರಿ ಕಾರಿನ ಭಾರ ಬಿದ್ದ ಮೇಲೇ ಬೋಲ್ಟ್ ಪೂರ್ತಿ ಬಿಗಿಯಬೇಕು. ಗಾಲಿ ಜೋತಾಡುತ್ತಿರುವಾಗಲೇ ಬಿಗಿದರೆ ರಬ್ಬರ್ ತಿರುಚಿಕೊಂಡೇ ಕೂರುತ್ತದೆ, ಬೇಗ ಹರಿಯುತ್ತದೆ. ಅವಸರದ ಕೆಲಸದಲ್ಲಿ ಇದನ್ನು ಮರೆಯುವವರೇ ಜಾಸ್ತಿ.

ನಿಂತ ಕಾರಿನಲ್ಲಿ ಸ್ಟೀರಿಂಗ್ ತಿರುಗಿಸಿದಾಗ ಸ್ಪ್ರಿಂಗ್ 'ಟೊಂಯ್' ಅಂತ ಜಿಗಿದರೆ ಶಾಕ್ ಅಬ್ಸಾರ್ಬರ್ ಮೇಲ್ತುದಿ ಕೂರುವ ಸ್ಟ್ರಟ್ ಮೌಂಟ್‌ನ ಬೇರಿಂಗ್. ಪೂರ್ತಿ ತಿರುಗಿಸಿ ಎಕ್ಸಲರೇಟರ್ ಕೊಟ್ಟಾಗ ಕಟ್ ಕಟ್ ಕಟ್ ಅಂದರೆ ಎಂಜಿನ್ನಿನ ಬಲವನ್ನು ಗಾಲಿಗೆ ಮುಟ್ಟಿಸುವ ಆ್ಯಕ್ಸಲ್ ಜಾಯಿಂಟ್. ವೇಗ ಏರಿದಂತೆ ಗುಂಯ್‌ಗುಡುವುದು ಜಾಸ್ತಿ ಆದರೆ ವೀಲ್ ಬೇರಿಂಗ್ ಇರಬಹುದು.

ಹಾಗಾದರೆ ರ‍್ಯಾಕ್ ಯಾವಾಗ? ಕಾರು ನಿಲ್ಲಿಸಿ, ಎಂಜಿನ್ ಚಾಲೂ ಇಟ್ಟು, ಯಾರಿಗಾದರೂ ಸ್ಟೀರಿಂಗನ್ನು ಎಡ ಬಲ ಒಂದೊಂದು ಇಂಚು ಚುರುಕಾಗಿ ಅಲ್ಲಾಡಿಸಲು ಹೇಳಿ. ಆಗಲೂ ಟಕ್ ಟಕ್ ಅಂದರೆ ರ‍್ಯಾಕ್, ಅದನ್ನು ಗಾಲಿಗೆ ಜೋಡಿಸುವ ಟೈ ರಾಡ್ ಅಥವಾ ಸ್ಟೀರಿಂಗ್ ಕಂಬದ ಜಾಯಿಂಟ್. ಮೂರರಲ್ಲಿ ಯಾವುದು ಅಂತ ಮೇಸ್ತ್ರಿ ನಿಮ್ಮ ಎದುರಿಗೇ ತೋರಿಸಲಿ, ಆಮೇಲೆ ದುಡ್ಡಿನ ಮಾತು. ಟೈ ರಾಡ್ ಬದಲಾಯಿಸಿದರೆ ಅಲೈನ್‌ಮೆಂಟ್ ಮಾಡಿಸಲೇಬೇಕು.

ಜಾಕ್ ಹಾಕಿ ಗಾಲಿ ಮೇಲೆತ್ತಿ ಅಲ್ಲಾಡಿಸಿದಾಗ, ಗಾಲಿಯನ್ನು ಲೋವರ್ ಆರ್ಮಿಗೆ ಜೋಡಿಸುವ ಬಾಲ್ ಜಾಯಿಂಟ್ ಸಡಿಲ ಅಂತ ಕಂಡರೆ ಮಾತ್ರ ಕಾರು ಓಡಿಸಿಕೊಂಡು ಗ್ಯಾರೇಜಿಗೆ ಹೋಗಬೇಡಿ. ಅದು ಕಳಚಿದರೆ ಗಾಲಿ ಅಲ್ಲೇ ಮಗುಚಿಕೊಳ್ಳುತ್ತದೆ. ಮೇಸ್ತ್ರಿಯನ್ನೇ ಮನೆಗೆ ಕರೆಸಿ.