ಫೇಡರ್ ಮೇಲಿನ ಸೊನ್ನೆ

ಕಳೆದ ಮಳೆಗಾಲದಲ್ಲಿ ಗದಗದ ಹುಡುಗನೊಬ್ಬ ಕೆಲಸ ಕಲಿಯಲು ಧಾರವಾಡದ ನಮ್ಮ ಸ್ಟುಡಿಯೊಗೆ ಬಂದಿದ್ದ. ಒಳಗೆ ಯಮನ್ ರಾಗದ ಆಲಾಪ ನಡೆದಿತ್ತು. ನೇರವಾಗಿ ಎಡ, ಬಲ ಎಂಬ ಎರಡೇ ಟ್ರ್ಯಾಕಿಗೆ ಮಿಕ್ಸ್ ಮಾಡುತ್ತಿದ್ದೆವು. ತಂಬೂರಿ ಒಂಚೂರು ಇಳಿಸು ಎಂದೆ. ಅವನು ಫೇಡರ್, ಅಂದರೆ ಸದ್ದು ಏರಿಸಿಳಿಸಲು ಮಿಕ್ಸರಿನಲ್ಲಿ ಮೇಲೆ ಕೆಳಗೆ ಸರಿಸುವ ಗುಂಡಿ, ಮುಟ್ಟಿದ್ದೇ ತಡ, ತಂಬೂರಿ ಮಾಯ. ಮತ್ತೆ ಏರಿಸಿದ, ಹಾಡುವವರನ್ನೇ ಮುಚ್ಚುವಷ್ಟು ಜೋರಾಯಿತು. "ಸರ, ಇದು ಕೆಟ್ಟದ ಅನಸ್ತದ" ಎಂದ. ಫೇಡರ್ ಕೆಟ್ಟಿರಲಿಲ್ಲ. ಅದು ಪಟ್ಟಿಯ ತೀರಾ ತಳದಲ್ಲಿತ್ತು, ಅಷ್ಟೇ.

ದೊಡ್ಡ ಮಿಕ್ಸರಿನ ಫೇಡರ್ ಸಾಮಾನ್ಯವಾಗಿ 100 ಮಿಲಿಮೀಟರ್ ಓಡುತ್ತದೆ. ಅದರ ಪಕ್ಕದ ಗೆರೆಗಳನ್ನು ಸರಿಯಾಗಿ ನೋಡಿ. ಶಾಲೆಯ ಅಳತೆಪಟ್ಟಿಯ ಹಾಗೆ ಸಮ ಅಂತರದಲ್ಲಿ ಇರುವುದಿಲ್ಲ. ತುತ್ತತುದಿಯಲ್ಲಿ ಹೆಚ್ಚಾಗಿ ಪ್ಲಸ್ 10 ಡೆಸಿಬೆಲ್ (ಸದ್ದಿನ ಅಳತೆ). ಮುಕ್ಕಾಲು ಭಾಗ ಮೇಲೆ ಸೊನ್ನೆ. ಅರ್ಧದ ಹತ್ತಿರ ಮೈನಸ್ 10. ಅಲ್ಲಿಂದ ಕೆಳಗೆ ಮೈನಸ್ 20, 30, 40, 60 ಎಲ್ಲ ಒತ್ತೊತ್ತಾಗಿ ಕೂತಿರುತ್ತವೆ. ಸೊನ್ನೆಯ ಹತ್ತಿರ ಒಂದು ಸೆಂಟಿಮೀಟರ್ ಸರಿಸಿದರೆ ಸುಮಾರು 4 ಡೆಸಿಬೆಲ್ ಬದಲಾಗುತ್ತದೆ. ತಳದಲ್ಲಿ ಅಷ್ಟೇ ಸರಿಸಿದರೆ 10 ಡೆಸಿಬೆಲ್, ಇನ್ನೂ ಜಾಸ್ತಿಯೂ ಆಗಬಹುದು. ಹತ್ತು ಡೆಸಿಬೆಲ್ ಅಂದರೆ ನಮ್ಮ ಕಿವಿಗೆ ಹೆಚ್ಚುಕಡಿಮೆ ಎರಡು ಪಟ್ಟು ಜೋರು. ಪಾಪ, ಹುಡುಗನ ಬೆರಳಿನ ತಪ್ಪೇನೂ ಇರಲಿಲ್ಲ.

ಯಾಕೆ ಹೀಗೆ ಮಾಡಿದ್ದಾರೆ? ಕಿವಿ ಇರುವುದೇ ಹಾಗೆ. ಭಜನೆಯಲ್ಲಿ ಇಬ್ಬರು ಹಾಡುವಾಗ ಇನ್ನಿಬ್ಬರು ಸೇರಿಕೊಂಡರೆ ತಟ್ಟನೆ ತಿಳಿಯುತ್ತದೆ. ನಲವತ್ತು ಜನ ಹಾಡುವಾಗ ಇಬ್ಬರು ಸೇರಿದರೆ ಯಾರಿಗೂ ಗೊತ್ತಾಗುವುದಿಲ್ಲ, ಅಲ್ವಾ? ಎಷ್ಟು ಸೇರಿತು ಎನ್ನುವುದಕ್ಕಿಂತ ಎಷ್ಟು ಪಟ್ಟು ಆಯಿತು ಎನ್ನುವುದನ್ನು ಕಿವಿ ಹಿಡಿಯುತ್ತದೆ. ಡೆಸಿಬೆಲ್ ಈ ಪಟ್ಟಿನ ಲೆಕ್ಕ. ಅದರಲ್ಲೂ ನಾವು ನಿಜವಾಗಿ ಕೆಲಸ ಮಾಡುವ ಜಾಗಕ್ಕೆ, ಅಂದರೆ ಸೊನ್ನೆಯ ಸುತ್ತಮುತ್ತ, ಜಾಸ್ತಿ ಉದ್ದ ಕೊಟ್ಟಿದ್ದಾರೆ.

ಹಾಗಾದರೆ ಅವನ ಫೇಡರ್ ತಳಕ್ಕೆ ಹೋಗಿದ್ದು ಹೇಗೆ? ಮೇಲಿನ ಗೇನ್ ತಿರುಪನ್ನು ಬಹಳ ತಿರುಗಿಸಿಟ್ಟಿದ್ದ. ಗೇನ್ ಮೈಕಿನಿಂದ ಬರುವ ಸಣ್ಣ ಸಿಗ್ನಲ್ಲನ್ನು ದೊಡ್ಡದು ಮಾಡುತ್ತದೆ. ಫೇಡರ್ ಆಮೇಲೆ ಬರುವ ಬಾಗಿಲು. ಸೊನ್ನೆ ಅಂದರೆ ಆ ಬಾಗಿಲು ಏನನ್ನೂ ಕೂಡಿಸದೆ, ಕಳೆಯದೆ ಬಂದದ್ದನ್ನು ಬಂದ ಹಾಗೆ ಬಿಡುತ್ತದೆ. ಆದ್ದರಿಂದ ನಾನು ಫೇಡರನ್ನು ಮೊದಲು ಸೊನ್ನೆಯಲ್ಲಿ ಇಟ್ಟು, ಆಮೇಲೆ ಗೇನ್ ಏರಿಸುತ್ತೇನೆ. ಆಗ ಬೆರಳಿಗೆ ಎರಡೂ ಕಡೆ ಜಾಗ ಸಿಗುತ್ತದೆ.

ನಮ್ಮ ಕಡೆ ಇದು ಇನ್ನೂ ಮುಖ್ಯ. ಕುಂದಗೋಳದ ಸವಾಯಿ ಗಂಧರ್ವರು, ಅವರ ಶಿಷ್ಯರಾದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಅವರಿಂದ ಹಿಂದೂಸ್ತಾನಿ ಸಂಗೀತದ ಕಿರಾಣಾ ಶೈಲಿ ಈ ನೆಲದಲ್ಲಿ ಬೇರು ಬಿಟ್ಟಿದೆ. ಒಂದೊಂದೇ ಸ್ವರ ಹಿಡಿದು ನಿಧಾನವಾಗಿ ಬೆಳೆಸುವ ಗಾಯನ ಅದು. ಮಂದ್ರದಲ್ಲಿ ಉಸಿರಿನಷ್ಟು ಮೆಲ್ಲಗೆ ಶುರುವಾದದ್ದು ಮುಕ್ಕಾಲು ಗಂಟೆಯ ನಂತರ ತಾರ ಸಪ್ತಕದ ತಾನಿನಲ್ಲಿ, ಅಂದರೆ ವೇಗದ ಸ್ವರಗಳ ಓಟದಲ್ಲಿ, ಎಲ್ಲಿಗೋ ಹೋಗುತ್ತದೆ. ಮೈಕ್ ನೋಡೋಣ ಎಂದರೆ ಗಾಯಕರು ಸುಮ್ನೆ ಮೆಲ್ಲಗೆ ಷಡ್ಜ ಹಿಡಿಯುತ್ತಾರೆ. ಅದನ್ನು ನಂಬಿ ಗೇನ್ ಇಟ್ಟರೆ ತಾನ್ ಬಂದಾಗ ಧ್ವನಿ ಒಡೆಯುತ್ತದೆ. "ತಾರ ಷಡ್ಜಕ್ಕೆ ಹೋಗುವ ಒಂದು ತಾನ್ ಹೇಳ್ರಿ" ಎಂದು ಕೇಳಲು ಸಂಕೋಚ ಬೇಡ. ಅದಕ್ಕೆ ಹೊಂದಿಸಿ ಗೇನ್ ಇಡಿ. ಉಳಿದ ಏರಿಳಿತವನ್ನು ಬೆರಳು ನೋಡಿಕೊಳ್ಳುತ್ತದೆ.

ಒಂದು ಗೊಂದಲ ಪ್ರತಿ ವರ್ಷವೂ ಎದುರಾಗುತ್ತದೆ. ಕಂಪ್ಯೂಟರಿನ ಮೀಟರಿನಲ್ಲೂ ಒಂದು ಸೊನ್ನೆ ಇದೆ. ಅದು ಬೇರೆ ಸೊನ್ನೆ. ಫೇಡರಿನ ಸೊನ್ನೆ ಬಂದದ್ದನ್ನು ಹಾಗೇ ಬಿಡುತ್ತದೆ. ಡಿಜಿಟಲ್ ಮೀಟರಿನ ಸೊನ್ನೆ ಚಾವಣಿ. ಅದಕ್ಕಿಂತ ಮೇಲೆ ಅಲ್ಲಿ ಏನೂ ಹಿಡಿಸುವುದಿಲ್ಲ, ಧ್ವನಿಯ ತಲೆ ಕತ್ತರಿಸಿಬಿಡುತ್ತದೆ. ನಾನು ಧ್ವನಿಯ ಸರಾಸರಿಯನ್ನು ಮೈನಸ್ 18 ಡೆಸಿಬೆಲ್ ಹತ್ತಿರ ಇಡುತ್ತೇನೆ. 24 ಬಿಟ್ಟಿನಲ್ಲಿ, ಅಂದರೆ ತುಂಬ ಸೂಕ್ಷ್ಮವಾದ ಡಿಜಿಟಲ್ ಅಳತೆಯಲ್ಲಿ, ರೆಕಾರ್ಡ್ ಮಾಡುವಾಗ ಅಷ್ಟು ಕೆಳಗಿದ್ದರೂ ಗುಣಮಟ್ಟಕ್ಕೆ ಏನೂ ಕೊರತೆ ಆಗುವುದಿಲ್ಲ.

ಇನ್ನು ಮಾನಿಟರ್ ತಿರುಪು, ಅಂದರೆ ನಮ್ಮ ಕೋಣೆಯ ಸ್ಪೀಕರಿನ ವಾಲ್ಯೂಮ್. ಇದು ರೆಕಾರ್ಡಿಂಗನ್ನು ಮುಟ್ಟುವುದೇ ಇಲ್ಲ. ಆದರೆ ನಮ್ಮ ತೀರ್ಮಾನವನ್ನು ಹಾಳು ಮಾಡಬಲ್ಲದು. ಹಿಂದೊಮ್ಮೆ ಧಾರವಾಡದ ಮಾಳಮಡ್ಡಿಯಲ್ಲಿ, ರಾತ್ರಿ ಹನ್ನೊಂದರ ಮೇಲೆ, ಅಕ್ಕಪಕ್ಕದವರಿಗೆ ತೊಂದರೆ ಬೇಡವೆಂದು ತೀರಾ ಮೆಲ್ಲಗೆ ಕೇಳುತ್ತಾ ತಬಲಾ ಮಿಕ್ಸ್ ಮಾಡಿದೆ. ತಬಲಾ ಜೋಡಿಯಲ್ಲಿ ತಗ್ಗು ಸ್ವರದ ಡಗ್ಗಾ ಕಡಿಮೆ ಅನಿಸಿತು, ಏರಿಸಿದೆ. ಮರುದಿನ ಕಾರಿನಲ್ಲಿ ಹುಬ್ಬಳ್ಳಿಗೆ ಹೋಗುತ್ತಾ ಹಾಕಿದರೆ, ನವನಗರ ಬರುವಷ್ಟರಲ್ಲಿ ಡಗ್ಗಾದ ಗುಂಯ್‌ಗುಡುವಿಕೆಗೆ ತಲೆನೋವು ಬಂತು. ಕಾರಣ ಹಳೆಯದೇ. 1933ರಲ್ಲಿ ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು ಇದನ್ನು ಅಳೆದು ತೋರಿಸಿದ್ದರು. ಸದ್ದು ಸಣ್ಣದಾದಂತೆ ಕಿವಿ ತಗ್ಗು ಸ್ವರಗಳನ್ನು ಬೇಗ ಕಳೆದುಕೊಳ್ಳುತ್ತದೆ. ಅಂದಿನಿಂದ ನನ್ನ ಮಾನಿಟರ್ ತಿರುಪಿನ ಮೇಲೆ ಒಂದು ಬಿಳಿ ಗುರುತು ಇದೆ. ಕೊನೆಯ ತೀರ್ಮಾನ ಯಾವಾಗಲೂ ಆ ಗುರುತಿನಲ್ಲೇ.

ಅದೇ ತಿರುಪಿನಲ್ಲಿ ಇನ್ನೊಂದು ತೊಂದರೆ. ಅದರ ಒಳಗೆ ಒಂದೇ ಕಡ್ಡಿಯ ಮೇಲೆ ಎಡ ಸ್ಪೀಕರಿಗೊಂದು, ಬಲಕ್ಕೊಂದು, ಸದ್ದು ತಗ್ಗಿಸುವ ಎರಡು ಪಟ್ಟಿಗಳಿರುತ್ತವೆ. ಕಡಿಮೆ ಬೆಲೆಯ ಮಿಕ್ಸರಿನಲ್ಲಿ ತಿರುಪು ಶುರುವಿನಲ್ಲೇ ಇದ್ದರೆ ಅವೆರಡೂ ಸಮ ಬರುವುದಿಲ್ಲ. ಮಧ್ಯದಲ್ಲಿ ಇರಬೇಕಾದ ಗಾಯಕರು ಒಂದು ಬದಿಗೆ ಸರಿದಂತೆ ಕೇಳುತ್ತದೆ. ನೀವು ಪ್ಯಾನ್, ಅಂದರೆ ಧ್ವನಿಯನ್ನು ಎಡಕ್ಕೋ ಬಲಕ್ಕೋ ಸರಿಸುವ ತಿರುಪು, ತಿರುಗಿಸಿ ಅದನ್ನು ಸರಿ ಮಾಡಲು ಹೋದರೆ, ಇಲ್ಲದ ತಪ್ಪು ರೆಕಾರ್ಡಿಂಗಿಗೆ ಸೇರುತ್ತದೆ. ಸ್ಪೀಕರಿನ ಹಿಂದಿನ ಗೇನ್ ತಗ್ಗಿಸಿ, ತಿರುಪು ಗಡಿಯಾರದ ಹನ್ನೆರಡರ ಹತ್ತಿರ ಬರುವ ಹಾಗೆ ಮಾಡಿ.

ಫೇಡರ್ ಮೇಲೆ ತಳ್ಳಿದರೇ ಸದ್ದು ಏರಬೇಕು ಎಂಬ ಕಟ್ಟಳೆಯೂ ಇಲ್ಲ. ಬಿಬಿಸಿ ರೇಡಿಯೊದ ಹಳೆಯ ಮಿಕ್ಸರುಗಳಲ್ಲಿ ಫೇಡರನ್ನು ನಮ್ಮ ಕಡೆ ಎಳೆದುಕೊಂಡರೆ ಸದ್ದು ತೆರೆಯುತ್ತಿತ್ತು. ಅಂಗಿಯ ತೋಳು ತಾಗಿ ಆ ಕಡೆ ಸರಿದರೆ ಮೈಕ್ ಮುಚ್ಚಿಕೊಳ್ಳುತ್ತದೆಯೇ ಹೊರತು ತೆರೆದುಕೊಳ್ಳುವುದಿಲ್ಲ ಎಂದು ಅದಕ್ಕೆ ಕಾರಣ ಹೇಳುತ್ತಾರೆ. ನೇರ ಪ್ರಸಾರ ಮಾಡುವವರಿಗೆ ಇದರ ಬೆಲೆ ಗೊತ್ತು.

ಕೊನೆಗೆ ಧೂಳು. ಹಾವೇರಿ ಕಡೆಯ ಜಾತ್ರೆ, ನಾಟಕಗಳಿಗೆ ಹೋಗಿ ಬಂದ ಮಿಕ್ಸರುಗಳು ನಮ್ಮಲ್ಲಿಗೆ ರಿಪೇರಿಗೆ ಬರುತ್ತವೆ. ಫೇಡರಿನ ಸೀಳಿನಲ್ಲಿ ಕೆಂಪು ಮಣ್ಣು ಇಳಿದಿರುತ್ತದೆ. ಬ್ಯಾಡಗಿಯಿಂದ ಬಂದ ಒಂದು ಮಿಕ್ಸರ್ ಬಿಚ್ಚಿದಾಗ ಮೆಣಸಿನಕಾಯಿ ಘಾಟಿಗೆ ಇಡೀ ಕೋಣೆಯೇ ಸೀನಿತ್ತು. ಸರಿಸಿದಾಗ ಕರಕರ ಅಂದರೆ, ಅಥವಾ ಒಂದೇ ಜಾಗದಲ್ಲಿ ಸದ್ದು ಹೋಗಿ ಬಂದರೆ ಅದು ಹೆಚ್ಚಾಗಿ ಈ ಧೂಳಿನ ಕೆಲಸ. ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಮಾತ್ರ ಹೊಡೆಯಬೇಡಿ. ಎರಡು ದಿನ ನುಣ್ಣಗೆ ಓಡುತ್ತದೆ, ಆಮೇಲೆ ಆ ಎಣ್ಣೆಗೇ ಇನ್ನಷ್ಟು ಧೂಳು ಅಂಟುತ್ತದೆ. ಫೇಡರಿಗೆಂದೇ ಸಿಗುವ ಕ್ಲೀನರ್ ಬಳಸಿ. ಬಳಸದ ಚಾನೆಲ್ಲಿನ ಫೇಡರುಗಳನ್ನೂ ವಾರಕ್ಕೊಮ್ಮೆ ಮೇಲಿಂದ ತಳದವರೆಗೆ ಹತ್ತು ಸಲ ಓಡಿಸಿ. ರಾತ್ರಿ ಕೆಲಸ ಮುಗಿದ ಮೇಲೆ ಒಂದು ದಪ್ಪ ಹತ್ತಿ ಬಟ್ಟೆ ಹೊದಿಸಿ.